ಪುಟ್ಟ ವಿಮಾನ: ಬಾಡಿಗೆಯೋ, ಪಾಲೋ, ಸ್ವಂತವೋ?

ಹಾರುವ ಲೈಸೆನ್ಸ್ ಕೈಗೆ ಬಂದ ಮೇಲೆ ಹೆಚ್ಚಿನವರ ತಲೆಯಲ್ಲಿ ಒಂದೇ ಯೋಚನೆ ಓಡುತ್ತದೆ: ನನ್ನದೇ ಒಂದು ವಿಮಾನ ಇದ್ದರೆ? ಆಮೇಲೆ ಮಾರಾಟದ ಜಾಹೀರಾತುಗಳನ್ನು ನೋಡುವುದು ಶುರುವಾಗುತ್ತದೆ. ಸೆಸ್ನಾ ಕಂಪನಿಯದು ಒಳ್ಳೆಯದಾ, ಪೈಪರ್ ಕಂಪನಿಯದು ಒಳ್ಳೆಯದಾ, ಬಣ್ಣ ಹೇಗಿದೆ, ಮುಂದಿರುವ ಸ್ಕ್ರೀನ್ ಎಷ್ಟು ದೊಡ್ಡದು. ಆದರೆ ಯಾವ ವಿಮಾನ ಎನ್ನುವುದು ಎರಡನೆಯ ಪ್ರಶ್ನೆ. ಅದನ್ನು ಯಾವ ರೀತಿಯಲ್ಲಿ ಇಟ್ಟುಕೊಳ್ಳುತ್ತೀರಿ ಎನ್ನುವುದು ಮೊದಲನೆಯದು. ಬಾಡಿಗೆಗೆ ಪಡೆದು ಹಾರಬಹುದು, ಕ್ಲಬ್ ಸೇರಬಹುದು, ಕೆಲವರು ಸೇರಿ ಒಂದನ್ನು ಕೊಳ್ಳಬಹುದು, ಒಬ್ಬರೇ ಕೊಳ್ಳಬಹುದು. ಇದನ್ನು ತೀರ್ಮಾನಿಸುವುದು ಜೇಬಿಗಿಂತ ಜಾಸ್ತಿ ನಿಮ್ಮ ಗಂಟೆಗಳ ಲೆಕ್ಕ.

ವರ್ಷಕ್ಕೆ ಎಷ್ಟು ಗಂಟೆ ಹಾರುತ್ತೀರಿ?

ಹಾರಬೇಕು ಅಂದುಕೊಂಡ ಗಂಟೆ ಬೇರೆ, ಹಾರಿದ ಗಂಟೆ ಬೇರೆ. ಕಳೆದ ಎರಡು ವರ್ಷದ ಲಾಗ್‌ಬುಕ್ ತೆಗೆದು ಕೂಡಿ ನೋಡಿ. ಸ್ವಂತ ವಿಮಾನ ಬಂದರೆ ಇದು ದುಪ್ಪಟ್ಟಾಗುತ್ತದೆ ಅಂತ ಅನಿಸುವುದು ಸಹಜ. ಆದರೆ ಕೆಲಸ, ಮನೆ, ಮೋಡ, ಗಾಳಿ ಇವೆಲ್ಲ ಆಗಲೂ ಹೀಗೇ ಇರುತ್ತವೆ ಅಲ್ವಾ? ಸ್ವಲ್ಪ ಜಾಸ್ತಿ ಹಾರುತ್ತೀರಿ ಅಷ್ಟೆ. ಆ ಸಂಖ್ಯೆಯನ್ನೇ ಇಟ್ಟುಕೊಂಡು ಮುಂದೆ ಹೋಗಿ.

ವಿಮಾನದ ಖರ್ಚು ಎರಡು ಬಗೆ. ಹಾರಲಿ ಬಿಡಲಿ, ಬಂದೇ ಬರುವ ಖರ್ಚು ಒಂದು: ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ಆಗಬೇಕಾದ ತಪಾಸಣೆ. ಹಾರಿದಷ್ಟೂ ಬರುವ ಖರ್ಚು ಇನ್ನೊಂದು: ಇಂಧನ, ಆಯಿಲ್, ಟೈರು, ಜೊತೆಗೆ ಮುಂದೊಂದು ದಿನ ಎಂಜಿನ್ ಓವರ್‌ಹಾಲ್ ಮಾಡಿಸಲು, ಅಂದರೆ ಪೂರ್ತಿ ಬಿಚ್ಚಿ ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸಲು, ಗಂಟೆಗಿಷ್ಟು ಅಂತ ತೆಗೆದಿಡುವ ಹಣ. ಈ ಕೊನೆಯದನ್ನು ಲೆಕ್ಕದಲ್ಲಿ ಬಿಟ್ಟರೆ ಸ್ವಂತ ವಿಮಾನ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ.

ಒಂದು ಉದಾಹರಣೆ ನೋಡೋಣ. ಯಾವ ನಾಣ್ಯವಾದರೂ ಸರಿ, ಪ್ರಮಾಣ ಮಾತ್ರ ನೋಡಿ. ಬಾಡಿಗೆ ಗಂಟೆಗೆ 100. ಸ್ವಂತದ್ದಾದರೆ ಹಾರಾಟದ ಖರ್ಚು ಗಂಟೆಗೆ 50. ವರ್ಷದ ಕಾಯಂ ಖರ್ಚು 5,000. ಹಾಗಿದ್ದರೆ ಪ್ರತಿ ಗಂಟೆಗೆ 50 ಉಳಿಯುತ್ತದೆ, ಕಾಯಂ ಖರ್ಚು ಹುಟ್ಟಬೇಕಾದರೆ ವರ್ಷಕ್ಕೆ 100 ಗಂಟೆ ಹಾರಬೇಕು. ಅದೇ ವಿಮಾನಕ್ಕೆ ನಾಲ್ಕು ಜನ ಪಾಲುದಾರರಿದ್ದರೆ ಒಬ್ಬರ ಪಾಲಿಗೆ ಬರುವ ಕಾಯಂ ಖರ್ಚು 1,250. 25 ಗಂಟೆ ಹಾರಿದರೆ ಸಾಕು. ಹವ್ಯಾಸಕ್ಕೆ ಹಾರುವವರಲ್ಲಿ ವರ್ಷಕ್ಕೆ 100 ಗಂಟೆ ಮುಟ್ಟುವುದು ಕಷ್ಟ. 25 ಮುಟ್ಟುವುದು ಕಷ್ಟವಲ್ಲ. ನಿಮ್ಮ ಏರೋಡ್ರೋಮಿನ ನಿಜವಾದ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ. ವಿಮಾನ ಕೊಳ್ಳಲು ಹಾಕಿದ ಮೂಲ ಹಣ ಇದರಲ್ಲಿ ಸೇರಿಲ್ಲ ಎನ್ನುವುದೂ ನೆನಪಿರಲಿ.

ಬಾಡಿಗೆ ಮತ್ತು ಕ್ಲಬ್

ಬಾಡಿಗೆಯ ದೊಡ್ಡ ಅನುಕೂಲ ಏನೆಂದರೆ ಇಳಿದು, ಕಟ್ಟಿಹಾಕಿ, ಮನೆಗೆ ಹೋದರೆ ಮುಗಿಯಿತು. ರೇಡಿಯೋ ಕೆಟ್ಟರೆ, ಸಿಲಿಂಡರ್ ಬಿರುಕು ಬಿಟ್ಟರೆ ಅದು ಬೇರೆಯವರ ತಲೆನೋವು. ಬೇರೆ ಬೇರೆ ಮಾದರಿಗಳನ್ನು ಹಾರಿಸಿ ನೋಡಬಹುದು. ಕೊಳ್ಳುವ ಆಸೆ ಇರುವವರೂ ಮೊದಲು ಇದನ್ನೇ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಕೊರತೆ ಬರುವುದು ಸಮಯದಲ್ಲಿ. ಬಾಡಿಗೆ ವಿಮಾನ ಹೆಚ್ಚಾಗಿ ತರಬೇತಿಯ ವಿಮಾನವೂ ಆಗಿರುತ್ತದೆ. ಹವಾಮಾನ ಚೆನ್ನಾಗಿರುವ ರಜಾದಿನದಲ್ಲಿ ಎಲ್ಲರಿಗೂ ಅದೇ ಬೇಕು. ಎರಡು ರಾತ್ರಿ ಎಲ್ಲಾದರೂ ತಂಗಿ ಬರುತ್ತೇನೆ ಎಂದರೆ ದಿನಕ್ಕೆ ಕನಿಷ್ಠ ಇಷ್ಟು ಗಂಟೆಯ ಬಾಡಿಗೆ ಕೊಡಿ ಎನ್ನುತ್ತಾರೆ. ವಿಮಾನದಲ್ಲಿ ದೂರ ಹೋಗುವ ಆಸೆ ಅಲ್ಲೇ ಕುಗ್ಗಿ ಹೋಗುತ್ತದೆ, ಏರೋಡ್ರೋಮ್ ಸುತ್ತಲೇ ಹಾರುವ ಅಭ್ಯಾಸ ಬೆಳೆಯುತ್ತದೆ. ಕಲಿತದ್ದು ಹಾಗೆಯೇ ಮೊಂಡಾಗುತ್ತದೆ.

ಕ್ಲಬ್ ಇದಕ್ಕಿಂತ ವಾಸಿ. ತಿಂಗಳಿಗೆ ಒಂದಿಷ್ಟು ಚಂದಾ, ಗಂಟೆಗೆ ಕಡಿಮೆ ದರ, ಜೊತೆಗೆ ಮಾತಾಡಲು ಜನ. ಹೊಸ ಪೈಲಟ್‌ಗೆ ಪಕ್ಕದಲ್ಲಿ ಅನುಭವಿ ಕೂತು ಬರುವುದು ದೊಡ್ಡ ಲಾಭ. ಸೇರುವ ಮೊದಲು ಒಂದೇ ಒಂದು ವಿಷಯ ಕೇಳಿ: ಎಷ್ಟು ಸದಸ್ಯರಿಗೆ ಎಷ್ಟು ವಿಮಾನ?

ಎಂಜಿನ್ ಇಲ್ಲದೆ ಜಾರುತ್ತಾ ಹಾರುವ ಗ್ಲೈಡರ್ ಹಾರಿಸುವವರಿಗಂತೂ ಕ್ಲಬ್ಬೇ ಸರಿ. ಹಗ್ಗ ಸುತ್ತಿ ಎಳೆಯುವ ವಿಂಚ್‌ನಿಂದ ಮೇಲೇರಿಸಲು, ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆಸಲು, ರೆಕ್ಕೆಯ ತುದಿ ಹಿಡಿದು ಓಡಲು ಹೇಗೂ ಜನ ಬೇಕು. ಈಗಿನ ಒಳ್ಳೆಯ ಗ್ಲೈಡರ್ ಒಂದು ಕಿಲೋಮೀಟರ್ ಎತ್ತರದಿಂದ, ಗಾಳಿ ಸುಮ್ಮನಿದ್ದರೆ, ನಲವತ್ತು ಕಿಲೋಮೀಟರ್ ಜಾರಿಕೊಂಡು ಹೋಗಬಲ್ಲದು. ಹಾರುವುದೇ ಮುಖ್ಯ, ಊರಿಂದೂರಿಗೆ ಹೋಗುವುದು ಮುಖ್ಯವಲ್ಲ ಎನ್ನುವವರು ಇದನ್ನು ಒಮ್ಮೆ ನೋಡಲೇಬೇಕು.

ಪಾಲುದಾರಿಕೆ: ಹೆಚ್ಚಿನವರಿಗೆ ಇದೇ ಸರಿ

ನಾನು ಯಾರಿಗಾದರೂ ಮೊದಲು ಹೇಳುವುದು ಇದನ್ನೇ. ಕಾರಣ ಬರೀ ಹಣವಲ್ಲ. ವಿಮಾನದ ಆರೋಗ್ಯಕ್ಕೇ ಇದು ಒಳ್ಳೆಯದು.

ನಿಂತ ಎಂಜಿನ್ ಕೆಡುತ್ತದೆ. ಹವ್ಯಾಸಿ ವಿಮಾನಗಳಲ್ಲಿ ತುಂಬ ಕಾಣುವ ಲೈಕಮಿಂಗ್ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ನ ಮೇಲೆ. ಎಂಜಿನ್ ನಿಂತ ಕೆಲವು ದಿನದಲ್ಲಿ ಆಯಿಲೆಲ್ಲ ಕೆಳಗೆ ಇಳಿದು ಹೋಗುತ್ತದೆ. ಮೇಲಿನ ಕ್ಯಾಮ್ ಒಣಗಿ ನಿಲ್ಲುತ್ತದೆ. ಒಳಗಿನ ತೇವ ಅದಕ್ಕೆ ತುಕ್ಕು ಹಿಡಿಸುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಆ ತುಕ್ಕೇ ಉಜ್ಜಿ ಉಜ್ಜಿ ಲೋಹವನ್ನು ಸವೆಸುತ್ತದೆ. ತಿಂಗಳಿಗೊಮ್ಮೆಯಾದರೂ ಒಂದು ಗಂಟೆ ಬಿಡದೆ ಹಾರಿಸಿ, ಆಯಿಲ್ 74ರಿಂದ 93 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಲಿ ಎಂದು ಲೈಕಮಿಂಗ್ ಕಂಪನಿಯೇ ಹೇಳುತ್ತದೆ. ಹಾರಲು ಆಗಲಿಲ್ಲ ಅಂತ ಸುಮ್ನೆ ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ ಆಯಿಲ್‌ಗೆ ಸೇರುತ್ತದೆ. ಅದನ್ನು ಓಡಿಸುವಷ್ಟು ಬಿಸಿ ಹತ್ತು ನಿಮಿಷದಲ್ಲಿ ಬರುವುದಿಲ್ಲ.

ನಾಲ್ಕು ಜನ ಹಾರಿಸುವ ವಿಮಾನ ವಾರಗಟ್ಟಲೆ ನಿಲ್ಲುವುದೇ ಇಲ್ಲ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು ಹಾರಿಸುತ್ತಾರೆ. ಒಬ್ಬರ ಕಣ್ಣಿಗೆ ಬೀಳದ ಆಯಿಲ್ ಹನಿ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ತೊಳೆಯುವ ದಿನ ನಾಲ್ಕು ಕೈ ಇರುತ್ತವೆ. ಹವ್ಯಾಸದ ಅರ್ಧ ಸಂತೋಷ ಇರುವುದು ವಿಮಾನ ನಿಲ್ಲಿಸುವ ಶೆಡ್, ಅಂದರೆ ಹ್ಯಾಂಗರ್‌ನಲ್ಲಿ ಜೊತೆಯಾಗಿ ನಿಂತು ಎಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿ ನೋಡುವುದರಲ್ಲಿ. ಅದು ಒಬ್ಬಂಟಿ ಮಾಲೀಕರಿಗೆ ಅಷ್ಟಾಗಿ ಸಿಗುವುದಿಲ್ಲ.

ಎಷ್ಟು ಜನ? ಇಬ್ಬರಾದರೆ ಒಬ್ಬರು ಬಿಟ್ಟು ಹೋದ ದಿನ ಇನ್ನೊಬ್ಬರ ಮೇಲೆ ಪೂರ್ತಿ ಹೊರೆ ಬೀಳುತ್ತದೆ. ಎಂಟು ಹತ್ತು ಜನರಾದರೆ ಅದು ಕ್ಲಬ್ಬೇ ಆಗಿಬಿಡುತ್ತದೆ, ವಿಮಾನ ನನ್ನದು ಅನ್ನುವ ಭಾವ ಯಾರಿಗೂ ಉಳಿಯುವುದಿಲ್ಲ. ಮೂರರಿಂದ ಐದು ಜನ ಹದ. ಅವರಲ್ಲಿ ಒಬ್ಬಿಬ್ಬರಿಗೆ ವಾರದ ನಡುವೆ ಬಿಡುವು ಸಿಗುವಂತಿದ್ದರೆ ಬುಕಿಂಗ್ ಜಗಳ ಹುಟ್ಟುವುದೇ ಕಡಿಮೆ.

ಪಾಲುದಾರರನ್ನು ಆರಿಸುವಾಗ ವಿಮಾನವನ್ನು ಪರೀಕ್ಷಿಸುವಷ್ಟೇ ಗಮನ ಕೊಡಿ. ಅವರ ಜೊತೆ ಒಂದೆರಡು ಸಲ ಹಾರಿ. ಹೊರಡುವ ಮೊದಲು ಟ್ಯಾಂಕಿನಿಂದ ಇಂಧನ ತೆಗೆದು ನೀರಿದೆಯಾ ಅಂತ ನೋಡುತ್ತಾರಾ? ಮೋಡ ಕೆಳಗಿಳಿದರೆ ವಾಪಸ್ ತಿರುಗುತ್ತಾರಾ? ಗಟ್ಟಿಯಾಗಿ ಇಳಿದದ್ದನ್ನು ಬಾಯಿಬಿಟ್ಟು ಹೇಳುತ್ತಾರಾ? ನನ್ನ ಕಣ್ಣಲ್ಲಿ ಈ ಕೊನೆಯ ಗುಣವೇ ಎಲ್ಲಕ್ಕಿಂತ ದೊಡ್ಡದು. ಮುಚ್ಚಿಟ್ಟ ಗಟ್ಟಿ ಲ್ಯಾಂಡಿಂಗ್ ಮುಂದೆ ಹಾರುವವರ ಜೀವದ ಪ್ರಶ್ನೆ.

ಆಮೇಲೆ ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ಆಪ್ತ ಗೆಳೆಯರಾದರೆ ಇನ್ನೂ ತಪ್ಪದೆ ಬರೆಯಿರಿ. ಒಬ್ಬರು ಒಂದು ಸಲಕ್ಕೆ ಎಷ್ಟು ದಿನ ವಿಮಾನ ಇಟ್ಟುಕೊಳ್ಳಬಹುದು, ಅಪಘಾತವಾದರೆ ವಿಮೆ ಕೊಡದ ಭಾಗವನ್ನು ಯಾರು ಭರಿಸಬೇಕು, ಹೊಸ ರೇಡಿಯೋ ಹಾಕಿಸಲು ಎಲ್ಲರ ಒಪ್ಪಿಗೆ ಬೇಕೋ ಬಹುಮತ ಸಾಕೋ, ಪಾಲು ಮಾರಿ ಹೋಗುವವರ ಹಣ ಎಷ್ಟು ತಿಂಗಳಲ್ಲಿ ಕೊಡಬೇಕು, ಹೊಸಬರನ್ನು ಬೇಡ ಎನ್ನುವ ಹಕ್ಕು ಉಳಿದವರಿಗಿದೆಯೇ. ಎಂಜಿನ್ ನಿಧಿಯನ್ನು ಬೇರೆ ಖಾತೆಯಲ್ಲಿಡಿ. ಓವರ್‌ಹಾಲ್‌ಗೆ ಎಷ್ಟಾಗುತ್ತದೋ ಅದನ್ನು 2000ದಿಂದ ಭಾಗಿಸಿ. ಲೈಕಮಿಂಗ್ ಒ-320 ಎಂಜಿನ್‌ಗೆ ಕಂಪನಿ ಹೇಳುವ ಓವರ್‌ಹಾಲ್ ಅವಧಿ 2000 ಗಂಟೆ, ಇಲ್ಲವೇ 12 ವರ್ಷ. ಭಾಗಿಸಿದಾಗ ಬಂದ ಮೊತ್ತವನ್ನು ಹಾರಿದ ಪ್ರತಿ ಗಂಟೆಗೂ ಆ ಖಾತೆಗೆ ಹಾಕಬೇಕು. ವಿಮಾನ ಕೊಳ್ಳುವಾಗಲೇ ಎಂಜಿನ್ ಅರ್ಧ ಆಯುಸ್ಸು ಕಳೆದಿದ್ದರೆ, ಆ ಅರ್ಧದ ಹಣವನ್ನು ಮೊದಲ ದಿನವೇ ಎಲ್ಲರೂ ಸೇರಿ ಹಾಕಬೇಕು.

ಒಬ್ಬರೇ ಕೊಳ್ಳುವುದು

ಇದರ ಸುಖವನ್ನು ಕಡಿಮೆ ಮಾಡಿ ಹೇಳಲಾರೆ. ಬೆಳಿಗ್ಗೆ ಎದ್ದು ಆಕಾಶ ನೋಡಿ ಹೊರಟುಬಿಡಬಹುದು. ಸೀಟು ನಿಮಗೆ ಬೇಕಾದಲ್ಲೇ ಇರುತ್ತದೆ. ಎಂಜಿನ್ನಿನ ಪ್ರತಿ ಸದ್ದೂ ಪರಿಚಯ, ಒಂದು ಸದ್ದು ಬದಲಾದರೂ ತಕ್ಷಣ ಗೊತ್ತಾಗುತ್ತದೆ. ಹಲವು ದೇಶಗಳಲ್ಲಿ ಆಯಿಲ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ತೊಳೆಯುವುದು, ಟೈರು ಹಾಕುವುದು ಇಂಥ ಕೆಲಸಗಳನ್ನು ಪೈಲಟ್ ಆದ ಮಾಲೀಕರೇ ಮಾಡಬಹುದು. ಕೈಗೆ ಆಯಿಲ್ ಮೆತ್ತಿಕೊಳ್ಳುವುದನ್ನು ಇಷ್ಟಪಡುವವರಿಗೆ ಇದು ಹಾರಾಟದಷ್ಟೇ ಹಿತ.

ಹಾಗಾದರೆ ಯಾರು ಒಬ್ಬರೇ ಕೊಳ್ಳಬೇಕು? ಏರೋಡ್ರೋಮ್ ಹತ್ತಿರವಿದ್ದು ವಾರವಾರ ಹೋಗಬಲ್ಲವರು. ಒಂದು ದೊಡ್ಡ ರಿಪೇರಿ ಬಂದರೆ ಮನೆಯ ಲೆಕ್ಕ ಅಲ್ಲಾಡದವರು. ಎರಡರಲ್ಲಿ ಒಂದಿಲ್ಲದಿದ್ದರೂ ಪಾಲುದಾರಿಕೆಗೆ ಹೋಗಿ. ಏರೋಡ್ರೋಮ್ ಎರಡು ಗಂಟೆಯ ದಾರಿಯಾದರೆ ವಿಮಾನ ನಿಂತಲ್ಲೇ ನಿಲ್ಲುತ್ತದೆ.

ಯಾವ ವಿಮಾನ? ಸೀಟುಗಳಿಂದ ಶುರು ಮಾಡಿ

ನಾಲ್ಕು ಸೀಟು ಅಂದರೆ ನಾಲ್ಕು ಜನ ಅಂತಲ್ಲ. ಹಳೆಯ ಸೆಸ್ನಾ 172ರ ಒಂದು ಮಾದರಿಯನ್ನು ತಗೊಳ್ಳಿ. ಹೊರಡುವಾಗ ಇರಬಹುದಾದ ಗರಿಷ್ಠ ತೂಕ 1043 ಕೆಜಿ. ಖಾಲಿ ವಿಮಾನವೇ ಸುಮಾರು 670 ಕೆಜಿ. ಉಳಿದದ್ದು 370 ಚಿಲ್ಲರೆ. ಟ್ಯಾಂಕ್ ತುಂಬಿಸಿದರೆ ಇಂಧನಕ್ಕೇ 110 ಕೆಜಿ ಹತ್ತಿರ ಹೋಗುತ್ತದೆ. ಇನ್ನುಳಿದ 260ರಲ್ಲಿ ಮೂವರು ದೊಡ್ಡವರು, ಒಂದಿಷ್ಟು ಬ್ಯಾಗು. ನಾಲ್ಕನೆಯವರನ್ನು ಕೂರಿಸಬೇಕಾದರೆ ಇಂಧನ ಇಳಿಸಬೇಕು. ಸೆಸ್ನಾ 152ರಲ್ಲಿ ಇದು ಇನ್ನೂ ಬಿಗಿ: ಗರಿಷ್ಠ ತೂಕ 757 ಕೆಜಿ ಮಾತ್ರ, ಮೈಕೈ ತುಂಬಿಕೊಂಡ ಇಬ್ಬರು ಕೂತರೆ ಟ್ಯಾಂಕ್ ಪೂರ್ತಿ ತುಂಬಿಸುವ ಮೊದಲು ಲೆಕ್ಕ ಹಾಕಲೇಬೇಕು. ಪ್ರತಿ ವಿಮಾನದ ಖಾಲಿ ತೂಕವೂ ಬೇರೆ. ಮಾದರಿಯ ಪುಸ್ತಕದ ಅಂಕಿ ಬೇಡ, ನೀವು ಕೊಳ್ಳುವ ವಿಮಾನದ್ದೇ ತೂಕದ ಪತ್ರ ನೋಡಿ.

ನಿಮ್ಮ ಲಾಗ್‌ಬುಕ್‌ನಲ್ಲಿ ಎಷ್ಟು ಹಾರಾಟಗಳಲ್ಲಿ ಹಿಂದಿನ ಸೀಟು ತುಂಬಿತ್ತು? ಹೆಚ್ಚಿನ ಹವ್ಯಾಸಿಗಳು ಹಾರುವುದು ಒಬ್ಬರೇ, ಇಲ್ಲವೇ ಇಬ್ಬರು. ಹಾಗಿದ್ದರೆ ಎರಡು ಸೀಟಿನದ್ದೇ ಸಾಕು, ಖರ್ಚು ಎಲ್ಲ ಕಡೆಯೂ ಇಳಿಯುತ್ತದೆ.

ರೆಕ್ಕೆ ಮೇಲೋ ಕೆಳಗೋ ಎನ್ನುವ ವಾದ ಎಂದೂ ಮುಗಿಯದು. ಸೆಸ್ನಾದ ರೆಕ್ಕೆ ಮೇಲಿದೆ, ಕೆಳಗಿನ ಹೊಲ ನದಿಗಳೆಲ್ಲ ಚೆನ್ನಾಗಿ ಕಾಣುತ್ತವೆ. ಎರಡು ಬಾಗಿಲು, ಮಳೆ ಬಿಸಿಲಿಗೆ ನೆರಳು. ಇಂಧನ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ, 172ರಲ್ಲಿ ಎರಡೂ ಟ್ಯಾಂಕನ್ನು ಒಟ್ಟಿಗೆ ತೆರೆದಿಡಬಹುದು. ಆದರೆ ತಿರುಗುವಾಗ ಇಳಿದ ರೆಕ್ಕೆ, ನೀವು ಹೋಗಬೇಕಾದ ಕಡೆಯನ್ನೇ ಮುಚ್ಚುತ್ತದೆ. ಪೈಪರ್ ಚೆರೋಕಿಯ ರೆಕ್ಕೆ ಕೆಳಗೆ. ತಿರುಗುವಾಗ ನೋಟ ತೆರೆದಿರುತ್ತದೆ, ನೆಲದಲ್ಲಿ ನಿಂತೇ ಟ್ಯಾಂಕಿನೊಳಗೆ ಇಣುಕಬಹುದು, ಏಣಿ ಬೇಡ. ಬಾಗಿಲು ಮಾತ್ರ ಒಂದೇ, ಅದೂ ಬಲಗಡೆ. ಇಂಧನಕ್ಕೆ ಪಂಪ್ ಬೇಕು. ಎಡ ಟ್ಯಾಂಕ್, ಬಲ ಟ್ಯಾಂಕ್ ಅಂತ ಸಮಯ ನೋಡಿ ಬದಲಿಸುತ್ತಿರಬೇಕು. ಅದನ್ನು ಮರೆತು, ಒಂದು ಟ್ಯಾಂಕ್ ತುಂಬಿರುವಾಗಲೇ ಎಂಜಿನ್ ನಿಂತ ಪ್ರಕರಣಗಳು ಸಾಕಷ್ಟಿವೆ. ಫೋಟೋ ತೆಗೆಯುವವರಿಗೆ, ಜೊತೆಯವರಿಗೆ ಊರು ತೋರಿಸುವವರಿಗೆ ನಾನು ಸೆಸ್ನಾ ಎನ್ನುತ್ತೇನೆ. ಉಳಿದವರು ಕಂಪನಿ ನೋಡುವುದು ಬಿಟ್ಟು, ಎದುರಿಗಿರುವ ವಿಮಾನದ ಸ್ಥಿತಿ ನೋಡಿ ತೀರ್ಮಾನಿಸಲಿ.

ಬಾಲದ ಕೆಳಗೆ ಚಕ್ರವಿರುವ ಹಳೆಯ ವಿಮಾನಗಳ ಸೊಗಸೇ ಬೇರೆ. 1938ರಿಂದ 1947ರವರೆಗೆ ತಯಾರಾದ ಪೈಪರ್ ಜೆ-3 ಕಬ್ ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು. 65 ಕುದುರೆ ಶಕ್ತಿ, ಗಂಟೆಗೆ 120 ಕಿಲೋಮೀಟರ್ ಆಸುಪಾಸಿನ ವೇಗ, ಬಾಗಿಲು ತೆರೆದಿಟ್ಟು ಹಾರಬಹುದು, ಒಬ್ಬರೇ ಇದ್ದರೆ ಹಿಂದಿನ ಸೀಟಿನಿಂದ ಹಾರಿಸಬೇಕು. ಇವುಗಳ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಅದಕ್ಕೇ ನೆಲದ ಮೇಲೆ ಸ್ವಲ್ಪ ಅಡ್ಡವಾದರೂ ಬಾಲ ಮುಂದೆ ಬರಲು ನೋಡುತ್ತದೆ. ಎಂಜಿನ್ ನಿಲ್ಲಿಸುವ ತನಕ ಕಾಲು ಪೆಡಲ್ ಮೇಲೆ ಎಚ್ಚರವಾಗಿರಬೇಕು. ವಿಮೆಯವರು ಅನುಭವ ಕೇಳುತ್ತಾರೆ. ಬಟ್ಟೆ ಹೊದಿಸಿದ ಮೈ ಆದ್ದರಿಂದ ಹ್ಯಾಂಗರ್ ಇಲ್ಲದಿದ್ದರೆ ಇದನ್ನು ಕೊಳ್ಳಬೇಡಿ. ಸಂಜೆ ಒಂದು ಗಂಟೆ ತಗ್ಗಿನಲ್ಲಿ ಹಾರಿ ಬರುವುದೇ ನಿಮ್ಮ ಆಸೆಯಾದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ರೋಟಾಕ್ಸ್ 912 ಎಂಜಿನ್ನಿನ ಹೊಸ ಕಾಲದ ಹಗುರ ವಿಮಾನಗಳು ಇನ್ನೊಂದು ದಾರಿ. 80 ಅಥವಾ 100 ಕುದುರೆ ಶಕ್ತಿ. ಕಾರಿಗೆ ಹಾಕುವ ಪೆಟ್ರೋಲ್‌ನಲ್ಲೂ ಓಡುತ್ತದೆ, ಆದರೆ ಆ ವಿಮಾನಕ್ಕೂ ಅದರ ಅನುಮತಿ ಇರಬೇಕು. 172 ಗಂಟೆಗೆ ಮೂವತ್ತು ಲೀಟರ್ ದಾಟಿ ಕುಡಿದರೆ ಇದು ಹೆಚ್ಚುಕಮ್ಮಿ ಅದರ ಅರ್ಧದಲ್ಲಿ ಮುಗಿಸುತ್ತದೆ. ಹಳೆಯ ಎಂಜಿನ್‌ಗಳು ಬಳಸುವ ನೀಲಿ ಬಣ್ಣದ 100ಎಲ್‌ಎಲ್ ಇಂಧನದಲ್ಲಿ ಸೀಸವಿದೆ, ಅದರ ಮೇಲೆ ನಿರ್ಬಂಧಗಳು ಬಿಗಿಯಾಗುತ್ತಿವೆ. ಆ ಚಿಂತೆ ಇಲ್ಲಿಲ್ಲ. ಆದರೆ ಒಟ್ಟು ತೂಕವೇ 600 ಕೆಜಿ ಆಸುಪಾಸು. ಗಾಳಿ ಇವನ್ನು ಜಾಸ್ತಿ ಅಲ್ಲಾಡಿಸುತ್ತದೆ, ಒರಟು ಲ್ಯಾಂಡಿಂಗ್‌ಗಳನ್ನು ಮೂಗಿನ ಚಕ್ರ ಸಹಿಸುವುದಿಲ್ಲ. ಒಬ್ಬಿಬ್ಬರು ಹಾರಲು ಹೊಸದಾಗಿ ಆರಿಸುವುದಾದರೆ ನಾನು ಮೊದಲು ನೋಡುವುದು ಈ ಸಾಲನ್ನೇ.

ಬಿಡಿಭಾಗಗಳ ಕಿಟ್ ತಂದು ಮನೆಯಲ್ಲೇ ಕಟ್ಟುವುದು? ಅಮೆರಿಕದಲ್ಲಿ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಶುರು ಮಾಡಿದ ವ್ಯಾನ್ಸ್ ಏರ್‌ಕ್ರಾಫ್ಟ್‌ನ ಆರ್‌ವಿ ಸರಣಿಯ ವಿಮಾನಗಳು ಹೀಗೆ ಸಾವಿರಾರು ಕಟ್ಟಿ ಹಾರಿವೆ. ಅದೇ ಶಕ್ತಿಯ ಹಳೆಯ ತರಬೇತಿ ವಿಮಾನಗಳಿಗಿಂತ ಇವು ತುಂಬಾ ವೇಗ. ಆದರೆ ಕಟ್ಟುವುದು ಸಾವಿರ ಗಂಟೆ ದಾಟುವ ಕೆಲಸ, ಆ ವರ್ಷಗಳಲ್ಲಿ ಹಾರಾಟ ಕಡಿಮೆಯಾಗುತ್ತದೆ. ಕಟ್ಟುವುದೇ ಆಸೆಯಿದ್ದರೆ ಕಟ್ಟಿ. ಹಾರುವ ಆಸೆಯಿದ್ದರೆ ಯಾರೋ ಅಚ್ಚುಕಟ್ಟಾಗಿ ಕಟ್ಟಿ ಹಾರಿಸಿರುವುದನ್ನು ಕೊಳ್ಳಿ.

ಕೊಳ್ಳುವ ಮೊದಲು

ಹಳೆಯದು ಎಂದು ಹೆದರಬೇಡಿ. ಸೆಸ್ನಾ 172ರ ತಯಾರಿ ಶುರುವಾಗಿದ್ದು 1956ರಲ್ಲಿ, ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ದಶಕಗಳ ಹಿಂದಿನವು ಇಂದಿಗೂ ದಿನಾ ಹಾರುತ್ತಿವೆ. ನೋಡಬೇಕಾದ್ದು ವಯಸ್ಸನ್ನಲ್ಲ, ತುಕ್ಕು ಮತ್ತು ದಾಖಲೆಗಳನ್ನು.

ಎರಡು ವಿಮಾನ ಎದುರಿಗಿವೆ ಅಂದುಕೊಳ್ಳಿ. ಒಂದರ ಎಂಜಿನ್ ಓವರ್‌ಹಾಲ್ ಆದ ಮೇಲೆ ಓಡಿದ್ದು 300 ಗಂಟೆ ಮಾತ್ರ, ಆದರೆ ಅದು ಆಗಿದ್ದು ಇಪ್ಪತ್ತು ವರ್ಷದ ಹಿಂದೆ. ಇನ್ನೊಂದು 1400 ಗಂಟೆ ಓಡಿದೆ, ವಾರವಾರ ಹಾರುತ್ತಾ ಬಂದಿದೆ, ಆಯಿಲ್ ಫಿಲ್ಟರ್ ಬಿಚ್ಚಿದಾಗಲೆಲ್ಲ ಲೋಹದ ಚೂರಿಲ್ಲ ಎಂದು ಬರೆದಿದೆ. ಜಾಹೀರಾತಿನಲ್ಲಿ ಮೊದಲನೆಯದೇ ಚೆಂದ. ಆದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಅದರ ಓವರ್‌ಹಾಲ್ ಯಾವಾಗ ಬರಬಹುದು ಎಂದು ಅಂದಾಜಿದೆ, ಆ ಹಣವನ್ನು ಬೆಲೆಯಲ್ಲಿ ಕಳೆದುಕೊಳ್ಳಬಹುದು. ಮೊದಲನೆಯದರ ಕ್ಯಾಮ್ ಯಾವ ಸ್ಥಿತಿಯಲ್ಲಿದೆಯೋ, ಬಿಚ್ಚಿ ನೋಡದೆ ಹೇಳಲಾಗದು.

ತಪಾಸಣೆಗೆ ನಿಮ್ಮದೇ ಮೆಕ್ಯಾನಿಕ್ ಕರೆದುಕೊಂಡು ಹೋಗಿ. ಮಾರುವವರ ಮೆಕ್ಯಾನಿಕ್ ಎಷ್ಟೇ ಒಳ್ಳೆಯವರಿರಲಿ, ತಾವು ವರ್ಷಗಟ್ಟಲೆ ನೋಡಿಕೊಂಡ ವಿಮಾನವನ್ನು ಹೊಸ ಕಣ್ಣಿನಿಂದ ನೋಡಲಾರರು. ಸಿಲಿಂಡರ್‌ಗಳ ಒತ್ತಡ ಅಳೆಯಿಸಿ, ಒಳಗೆ ಬೋರ್‌ಸ್ಕೋಪ್ ಎನ್ನುವ ಸಣ್ಣ ಕ್ಯಾಮೆರಾ ಹಾಕಿ ವಾಲ್ವ್ ನೋಡಿಸಿ. ವಿಮಾನದ ಲಾಗ್‌ಬುಕ್‌ಗಳನ್ನು ಮೊದಲ ಪುಟದಿಂದ ಓದಿ. ಪ್ರೊಪೆಲ್ಲರ್ ಎಂದಾದರೂ ನೆಲಕ್ಕೆ ತಾಗಿತ್ತಾ, ಆಮೇಲೆ ಎಂಜಿನ್ ಬಿಚ್ಚಿ ಪರೀಕ್ಷಿಸಿದರಾ? ಕಡ್ಡಾಯವಾಗಿ ಮಾಡಬೇಕಾದ ಸುರಕ್ಷತಾ ಕೆಲಸಗಳೆಲ್ಲ ಆಗಿವೆಯಾ? ಇವು ಬರೀ ಕಾಗದದ ಶಾಸ್ತ್ರವಲ್ಲ. 2018ರಲ್ಲಿ ಅಮೆರಿಕದಲ್ಲಿ ಚೆರೋಕಿಯ ಕುಟುಂಬಕ್ಕೇ ಸೇರಿದ ಒಂದು ಪೈಪರ್ ಆ್ಯರೋ ತರಬೇತಿ ವಿಮಾನದ ರೆಕ್ಕೆ ಹಾರಾಟದಲ್ಲೇ ಕಳಚಿ ಇಬ್ಬರು ಸತ್ತರು. ಸ್ಪಾರ್ ಎನ್ನುವ ರೆಕ್ಕೆಯ ಮುಖ್ಯ ತೊಲೆಯಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಅದಾದ ಮೇಲೆ ಆ ಕುಟುಂಬದ ಹಲವು ವಿಮಾನಗಳಿಗೆ ಸ್ಪಾರ್ ಪರೀಕ್ಷೆಯನ್ನು ಅಲ್ಲಿನ ವಿಮಾನಯಾನ ಇಲಾಖೆ ಕಡ್ಡಾಯ ಮಾಡಿತು. ಚೆರೋಕಿ ಕೊಳ್ಳುವವರು ಈ ಪರೀಕ್ಷೆಯ ದಾಖಲೆಯನ್ನು ಕೇಳಿಯೇ ಮುಂದುವರಿಯಬೇಕು.

ಹ್ಯಾಂಗರ್ ಸಿಗುತ್ತದೆಯೇ ಅಂತ ವಿಮಾನ ಹುಡುಕುವ ಮೊದಲೇ ವಿಚಾರಿಸಿ. ಬಯಲಲ್ಲಿ ನಿಂತರೆ ಬಿಸಿಲು ಬಣ್ಣವನ್ನೂ ಕಿಟಕಿಯ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ಟ್ಯಾಂಕಿಗೆ ನೀರು ಸೇರುತ್ತದೆ, ಕೌಲಿಂಗ್ ಒಳಗೆ ಹಕ್ಕಿ ಗೂಡು ಕಟ್ಟುತ್ತದೆ. ದೊಡ್ಡ ಸ್ಕ್ರೀನಿಗೆ ಹಾಕುವ ಹಣವನ್ನು ಹ್ಯಾಂಗರ್‌ಗೆ ಹಾಕಿದರೆ ವಿಮಾನ ಉಳಿಯುತ್ತದೆ.

ಕೊಂಡ ಮೇಲೆ ಕೈಯಲ್ಲಿರುವ ಹಣವನ್ನೆಲ್ಲ ಖಾಲಿ ಮಾಡಿಕೊಳ್ಳಬೇಡಿ. ಹೊಸ ಮಾಲೀಕರ ಮೊದಲ ವಾರ್ಷಿಕ ತಪಾಸಣೆಯಲ್ಲಿ ಹಿಂದಿನವರು ಮುಂದೂಡಿಕೊಂಡು ಬಂದ ಕೆಲಸಗಳು ಒಟ್ಟಿಗೆ ಎದ್ದು ಬರುತ್ತವೆ. ಅದಕ್ಕೆಂದೇ ಒಂದಿಷ್ಟು ಬೇರೆ ಇಡಿ. ಇನ್ನೊಂದಿಷ್ಟನ್ನು ಆ ಮಾದರಿಯನ್ನು ಚೆನ್ನಾಗಿ ಬಲ್ಲ ಶಿಕ್ಷಕರ ಜೊತೆ ಹಾರಲು ಇಡಿ. ಪೂರ್ತಿ ತೂಕದಲ್ಲಿ, ಅಡ್ಡಗಾಳಿಯಲ್ಲಿ, ಸಣ್ಣ ರನ್‌ವೇನಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಅವರು ಪಕ್ಕದಲ್ಲಿರುವಾಗಲೇ ನೋಡಿಕೊಳ್ಳಿ. ಮನೆಯವರನ್ನು ಕೂರಿಸುವುದು ಅದಾದ ಮೇಲೆ.